ಗುಡ್ ನೈಟ್ ಎಂದರೆ ಒಳಗೆ ಬನ್ನಿ: ಟ್ರಿನಿಡಾಡಿನಲ್ಲಿ ಹತ್ತು ದಿನ

ಮೊದಲ ಸಂಜೆಯೇ ನಾವು ಒಂದು ಕಿರಾಣಿ ಅಂಗಡಿಯ ಬಾಗಿಲಿಂದ ಹಿಂದಿರುಗಿದೆವು. ನೀರಿನ ಬಾಟಲಿ ಬೇಕಿತ್ತು. ಹೊಸ್ತಿಲಿಗೆ ಕಾಲಿಟ್ಟೊಡನೆ ಗಲ್ಲಾದಲ್ಲಿ ಕುಳಿತಿದ್ದ ಹೆಂಗಸು ನಗುತ್ತಾ ‘ಗುಡ್ ನೈಟ್’ ಎಂದಳು. ಅಂಗಡಿ ಮುಚ್ಚುವ ಹೊತ್ತಾಯಿತೆಂದು ತಿಳಿದು ನಾನೂ ‘ಗುಡ್ ನೈಟ್’ ಎಂದು ಹೊರಬಂದೆ. ಗೆಸ್ಟ್‌ಹೌಸಿನ ಒಡತಿಗೆ ಇದನ್ನು ಹೇಳಿದರೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಟ್ರಿನಿಡಾಡಿನಲ್ಲಿ ಕತ್ತಲಾದ ಮೇಲೆ ಗುಡ್ ನೈಟ್ ಎನ್ನುವುದು ಬೀಳ್ಕೊಡುಗೆಯಲ್ಲ, ಸ್ವಾಗತ. ಒಳಗೆ ಬರುವವರು ಹೇಳಬೇಕು, ಇದ್ದವರು ಮರಳಿ ಹೇಳಬೇಕು. ಬೆಳಿಗ್ಗೆಯಾದರೆ ಗುಡ್ ಮಾರ್ನಿಂಗ್. ಏನನ್ನೂ ಹೇಳದೆ ನೇರವಾಗಿ ‘ಇದಕ್ಕೆಷ್ಟು?’ ಎಂದು ಕೇಳಿದರೆ ಒರಟರೆಂದು ಲೆಕ್ಕ. ಆ ದ್ವೀಪದಲ್ಲಿ ನಾನು ಕಲಿತ ಅತ್ಯಂತ ಉಪಯುಕ್ತ ಪಾಠ ಇದೇ. ಇದಕ್ಕೆ ಕಾಸೂ ಖರ್ಚಾಗಲಿಲ್ಲ.

ನಾವು ಮೈಸೂರಿನವರು. ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಚಳಿಗಾಲದಲ್ಲಿ ಅವಳ ಮನೆಯಲ್ಲಿ ಕಿಟಕಿಗೆ ಮುಖ ಕೊಟ್ಟು ಹಿಮ ನೋಡುತ್ತಾ ಕೂರುವುದು ಎರಡನೇ ವಾರಕ್ಕೇ ಬೇಸರವಾಗುತ್ತದೆ. ನ್ಯೂಯಾರ್ಕಿನಿಂದ ಐದು ಗಂಟೆಯ ವಿಮಾನ ಹತ್ತಿದರೆ ಬಿಸಿಲು ಸಿಗುತ್ತದೆ ಎಂದು ತಿಳಿದ ದಿನವೇ ನಮ್ಮವರು ‘ಕ್ವೀನ್ಸ್ ಪಾರ್ಕ್ ಓವಲ್’ ಎಂದು ಪಟ್ಟು ಹಿಡಿದರು. ನನಗೆ ಸಮುದ್ರ ಬೇಕಿತ್ತು, ಅವರಿಗೆ ಕ್ರಿಕೆಟ್ ಮೈದಾನ. ಹಾಗಾಗಿ ಜಗಳವಿಲ್ಲದೆ ಎರಡೂ ಇರುವ ಕೆರಿಬಿಯನ್ ದ್ವೀಪ ಟ್ರಿನಿಡಾಡ್ ನಿಶ್ಚಯವಾಯಿತು.

ಹೊರಡುವ ಮುನ್ನ ನಾವು ಸರಿಯಾಗಿ ಮಾಡಿದ ಕೆಲಸ ಒಂದಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ಹೋದಾಗ ಭಾರತದ ಪಾಸ್‌ಪೋರ್ಟಿಗೆ ಅಲ್ಲಿ ವೀಸಾ ಕೇಳಲಿಲ್ಲ. ಆದರೆ ಹೋಗಿ ಮತ್ತೆ ಅಮೆರಿಕಕ್ಕೆ ಬರಬೇಕಾದ್ದರಿಂದ, ಹಲವು ಬಾರಿ ಪ್ರವೇಶಿಸಬಹುದಾದ ಅಮೆರಿಕದ ವೀಸಾ ಕೈಯಲ್ಲಿರಲೇಬೇಕಿತ್ತು. ಅದಕ್ಕಿಂತ ಮುಖ್ಯವಾದದ್ದು ಹಳದಿ ಜ್ವರದ ಲಸಿಕೆ. ಹಳದಿ ಜ್ವರದ ಅಪಾಯವಿರುವ ದೇಶಗಳ ಭಾರತದ ಪಟ್ಟಿಯಲ್ಲಿ ಟ್ರಿನಿಡಾಡ್ ಇದೆ. ಅದೇ ದೇಶದ ಇನ್ನೊಂದು ದ್ವೀಪ ಟೊಬೇಗೊ ಇಲ್ಲ. ಅಲ್ಲಿಂದ ಹೊರಟು ಆರು ದಿನದೊಳಗೆ ಭಾರತಕ್ಕೆ ಬಂದಿಳಿದರೆ ಲಸಿಕೆಯ ಪ್ರಮಾಣಪತ್ರ ತೋರಿಸಬೇಕು, ಇಲ್ಲವಾದರೆ ಪ್ರತ್ಯೇಕವಾಗಿಡುತ್ತಾರೆ. ನಾವು ನ್ಯೂಜೆರ್ಸಿಗೆ ಮರಳಿದ ನಾಲ್ಕನೇ ದಿನವೇ ಬೆಂಗಳೂರಿಗೆ ಹಾರುವವರಿದ್ದೆವು. ಲಸಿಕೆಯನ್ನು ಎಲ್ಲ ಆಸ್ಪತ್ರೆಗಳಲ್ಲೂ ಕೊಡುವುದಿಲ್ಲ, ಅಧಿಕೃತ ಕೇಂದ್ರವೇ ಆಗಬೇಕು, ಚುಚ್ಚಿಸಿಕೊಂಡ ಹತ್ತು ದಿನಗಳ ನಂತರವೇ ಪ್ರಮಾಣಪತ್ರಕ್ಕೆ ಬೆಲೆ. ಆದ್ದರಿಂದ ಅಮೆರಿಕಕ್ಕೆ ಹೊರಡುವ ಮೊದಲೇ ಬೆಂಗಳೂರಿಗೆ ಹೋಗಿ ಹಾಕಿಸಿಕೊಂಡೆವು. ಅರವತ್ತು ದಾಟಿದವರು ವೈದ್ಯರನ್ನು ಕೇಳದೆ ಈ ಲಸಿಕೆಗೆ ತೋಳು ಒಡ್ಡಬಾರದು. ನಮ್ಮವರಿಗೆ ಐವತ್ತೊಂಬತ್ತು ತುಂಬಿತ್ತು. ಗೆದ್ದೆವು.

ಸರಿಯಾಗಿ ಮಾಡದ ಕೆಲಸ: ಸಮುದ್ರದ ಬಗ್ಗೆ ಓದಿಕೊಳ್ಳಲಿಲ್ಲ. ಕೆರಿಬಿಯನ್ ಎಂದರೆ ಎಲ್ಲೆಲ್ಲೂ ಗಾಜಿನಂಥ ನೀಲಿ ನೀರು ಎಂದುಕೊಂಡಿದ್ದೆ. ರಾಜಧಾನಿ ಪೋರ್ಟ್ ಆಫ್ ಸ್ಪೇನ್ ಇರುವುದು ಪಶ್ಚಿಮದ ಪರಿಯಾ ಕೊಲ್ಲಿಯ ದಡದಲ್ಲಿ. ವೆನಿಜುವೆಲಾ ಅಲ್ಲಿಂದ ಕೂಗಳತೆಯಲ್ಲಿದೆ, ಒರಿನೊಕೊ ನದಿ ತರುವ ಮಣ್ಣು ಆ ನೀರಿಗೆಲ್ಲ ಸೇರುತ್ತದೆ. ಹೊಸನೀರು ಬಂದ ಕಾವೇರಿಯ ಬಣ್ಣ! ನೀಲಿ ನೀರು ಬೇಕಾದವರು ಬೆಟ್ಟ ದಾಟಿ ಉತ್ತರ ತೀರದ ಮರಾಕಸ್‌ಗೆ ಹೋಗಬೇಕು, ಇಲ್ಲವೇ ಟೊಬೇಗೊಗೆ. ಮರಾಕಸ್‌ಗೆ ಒಂದು ದಿನ ಹೋದೆವು. ಚೆನ್ನಾಗಿದೆ. ಅಲ್ಲಿ ಎಲ್ಲರೂ ಕರಿದ ರೊಟ್ಟಿಯೊಳಗೆ ಶಾರ್ಕ್ ಮೀನು ಇಟ್ಟುಕೊಂಡು ತಿನ್ನುತ್ತಿದ್ದರು, ಸಸ್ಯಾಹಾರಿಗಳಾದ ನಾವು ಅನಾನಸು ತಿಂದು ಬಂದೆವು.

ಆದರೆ ಉಳಿದ ಕಡೆ ಊಟಕ್ಕೆ ಪರದಾಡಲಿಲ್ಲ. ಬೆಳಗಿನ ಆರೂವರೆಗೆ ಪೋರ್ಟ್ ಆಫ್ ಸ್ಪೇನಿನ ವುಡ್‌ಬ್ರೂಕ್ ಬಡಾವಣೆಯ ರಸ್ತೆ ಬದಿಯಲ್ಲಿ ಡಬಲ್ಸ್ ಎಂಬ ತಿಂಡಿ ಮಾರುವವರ ಸುತ್ತ ಜನ ಮುತ್ತಿಕೊಂಡಿರುತ್ತಾರೆ. ಬಾರಾ ಎಂಬ ಅರಿಶಿನ ಬೆರೆಸಿದ ಎರಡು ಮೆತ್ತನೆಯ ಪುಟ್ಟ ಪೂರಿಗಳು, ನಡುವೆ ಕಡಲೆಕಾಳಿನ ಗಸಿ, ಮೇಲೆ ಹುಣಸೆ ಚಟ್ನಿ, ಸೌತೆಕಾಯಿ, ಕೊನೆಯಲ್ಲಿ ಮೆಣಸಿನಕಾಯಿಯ ರಸ. ಕಾಗದದಲ್ಲಿ ಸುತ್ತಿ ಕೈಗಿಡುತ್ತಾರೆ, ನಿಂತೇ ತಿನ್ನಬೇಕು, ಮೊಣಕೈವರೆಗೆ ಸೋರುತ್ತದೆ. ಖಾರ ಎಷ್ಟು ಎಂದು ಕೇಳಿದಾಗ ‘ಮೀಡಿಯಂ’ ಎಂದೆ. ಬ್ಯಾಡಗಿ, ಗುಂಟೂರು ಎರಡನ್ನೂ ಜೀರ್ಣಿಸಿಕೊಂಡ ಗರ್ವ ನನ್ನದು. 2012ರಲ್ಲಿ ಜಗತ್ತಿನ ಅತಿ ಖಾರದ ಮೆಣಸಿನಕಾಯಿ ಎಂದು ಹೆಸರಾದ ಮೊರೂಗಾ ಸ್ಕಾರ್ಪಿಯನ್ ಇದೇ ದ್ವೀಪದ್ದು ಎಂದು ಆಮೇಲೆ ತಿಳಿಯಿತು. ಮರುದಿನದಿಂದ ಸ್ಥಳೀಯರಂತೆ ‘ಸ್ಲೈಟ್’ ಎಂದಷ್ಟೇ ಹೇಳಿದೆ.

ಅಡುಗೆಯ ವಿಷಯ ಇನ್ನೂ ಸ್ವಲ್ಪ ಹೇಳಲೇಬೇಕು. ಗೆಸ್ಟ್‌ಹೌಸಿನ ಒಡತಿ ಬೆಳಿಗ್ಗೆ ಬದನೆಕಾಯಿಯನ್ನು ಬೆಂಕಿಯಲ್ಲಿ ಸುಟ್ಟು, ಸಿಪ್ಪೆ ಸುಲಿದು, ಬೆಳ್ಳುಳ್ಳಿ ಸೇರಿಸಿ ಹಿಸುಕಿ, ಮೇಲೆ ಬಿಸಿ ಎಣ್ಣೆ ಸುರಿಯುತ್ತಿದ್ದರು. ಅವರು ಅದನ್ನು ಚೋಕಾ ಎನ್ನುತ್ತಾರೆ. ಹುಣಸೆಹುಳಿ ಒಂದನ್ನು ಬಿಟ್ಟರೆ ಅದು ನಮ್ಮಮ್ಮನ ಸುಟ್ಟ ಬದನೆಕಾಯಿ ಗೊಜ್ಜೇ. ಒಗ್ಗರಣೆಗೆ ಅವರ ಮಾತು ‘ಚುಂಕೇ’. ಬೇಳೆಯನ್ನು ಹೂರಣದಂತೆ ತುಂಬಿ ಲಟ್ಟಿಸಿದ ದಾಲ್‌ಪುರಿಯನ್ನು ನೋಡಿ ನಮ್ಮವರು ಹೋಳಿಗೆ ಎಂದುಕೊಂಡು ತುಪ್ಪ ಕೇಳಿದರು, ಒಳಗೆ ಜೀರಿಗೆ ಖಾರ ಇತ್ತು. ದಕ್ಷಿಣದ ಸ್ಯಾನ್ ಫರ್ನಾಂಡೊ ನಗರದಿಂದ ಆಚೆ ಡೆಬೆ ಎಂಬ ಊರಿದೆ, ಅಲ್ಲಿನ ರಸ್ತೆಯುದ್ದಕ್ಕೂ ಕರಿದ ತಿಂಡಿಯ ಅಂಗಡಿಗಳು. ಅಲ್ಲಿ ಸಹೀನಾ ತಿಂದಾಗ ನನಗೆ ಮಾತೇ ನಿಂತುಹೋಯಿತು. ಕೆಸುವಿನ ಎಲೆ, ಬೇಳೆ ಹಿಟ್ಟು, ಕರಿದದ್ದು. ಪತ್ರೊಡೆಯ ದೂರದ ಸೋದರಸಂಬಂಧಿ ಎಂದು ಯಾರಾದರೂ ಪರಿಚಯ ಮಾಡಿಸಿಕೊಟ್ಟಿದ್ದರೆ ಒಪ್ಪುತ್ತಿದ್ದೆ.

ಆದರೂ ಈ ಸಂಬಂಧವನ್ನು ನಾನು ಎಳೆದಾಡಲಾರೆ. ಕಲ್ಕತ್ತೆಯಿಂದ ಹೊರಟ ಫತೆಲ್ ರಜಾಕ್ ಹಡಗು 1845ರ ಮೇ 30ರಂದು ಇನ್ನೂರಕ್ಕೂ ಹೆಚ್ಚು ಕೂಲಿಗಳನ್ನು ಇಲ್ಲಿಗೆ ತಂದಿಳಿಸಿತು. ಆ ದಿನ ಈಗ ಅಲ್ಲಿ ಸರ್ಕಾರಿ ರಜೆ. 1917ರವರೆಗೆ ಸುಮಾರು ಒಂದು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಜನ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ಬಂದರು. ಹೆಚ್ಚಿನವರು ಭೋಜಪುರಿ ಸೀಮೆಯವರು, ಮದರಾಸು ಬಂದರಿನಿಂದ ಬಂದವರು ಸ್ವಲ್ಪ. ಸೀರೆ ಉಟ್ಟ ನನ್ನನ್ನು ನೋಡಿದೊಡನೆ ಮ್ಯಾಕ್ಸಿ ಎಂಬ ಬಾಡಿಗೆ ವ್ಯಾನಿನಲ್ಲಿ ಕುಳಿತ ಅಜ್ಜಿಯರು ‘ನಿಮ್ಮದು ಇಂಡಿಯಾದ ಯಾವ ಕಡೆ?’ ಎಂದು ಕೇಳುತ್ತಿದ್ದರು. ನಾನು ಮೈಸೂರು ಎಂದರೆ ಅವರ ಮುಖದಲ್ಲಿ ಏನೂ ಮೂಡುತ್ತಿರಲಿಲ್ಲ. ಒಬ್ಬರು ತಮ್ಮ ಆಜಿ ಹೇಳಿಕೊಟ್ಟ ಹಾಡಿನ ಎರಡು ಸಾಲು ಹಾಡಿ ಅರ್ಥ ಕೇಳಿದರು. ಭೋಜಪುರಿ, ನನಗೆ ತಿಳಿಯಲಿಲ್ಲ. ತಿಳಿದಂತೆ ತಲೆಯಾಡಿಸಿದೆ. ಅದು ತಪ್ಪಾಯಿತೆಂದು ಇಂದಿಗೂ ಅನ್ನಿಸುತ್ತದೆ.

ಮ್ಯಾಕ್ಸಿ ಎಂದೆನಲ್ಲ, ನಮ್ಮ ಮ್ಯಾಕ್ಸಿಕ್ಯಾಬಿನ ಬಂಧುವೇ. ಬಿಳಿ ವ್ಯಾನಿಗೆ ಬಣ್ಣದ ಪಟ್ಟಿ ಬಳಿದಿರುತ್ತಾರೆ: ಪೋರ್ಟ್ ಆಫ್ ಸ್ಪೇನ್ ಸುತ್ತಮುತ್ತಲಿಗೆ ಹಳದಿ, ಪೂರ್ವದ ಅರೀಮಾ ಕಡೆಗೆ ಕೆಂಪು, ದಕ್ಷಿಣಕ್ಕೆ ಹಸಿರು. ಅಕ್ಷರ ಓದುವ ಗೋಜಿಲ್ಲ. ಕೆಂಪು ಪಟ್ಟಿಯವು ಹಳೆಯ ರೈಲು ಹಳಿ ಕಿತ್ತ ಜಾಗದಲ್ಲಿ ಮಾಡಿದ ಪ್ರತ್ಯೇಕ ರಸ್ತೆಯಲ್ಲಿ ಓಡುತ್ತವೆ. ಇದಲ್ಲದೆ ಸಾಮಾನ್ಯ ಕಾರುಗಳೂ ಸೀಟಿನ ಲೆಕ್ಕದಲ್ಲಿ ಜನರನ್ನು ಹತ್ತಿಸಿಕೊಳ್ಳುತ್ತವೆ, ನಂಬರ್ ಪ್ಲೇಟು ‘ಎಚ್’ ಅಕ್ಷರದಿಂದ ಶುರುವಾದರೆ ಅದು ಬಾಡಿಗೆಯದು. ಹಗಲಿನಲ್ಲಿ ನಾವು ಇವುಗಳಲ್ಲೇ ಓಡಾಡಿದೆವು. ಕತ್ತಲಾದ ಮೇಲೆ ಮಾತ್ರ ಗೆಸ್ಟ್‌ಹೌಸಿನವರು ಗೊತ್ತುಮಾಡಿದ ಕಾರು ಬಿಟ್ಟು ಬೇರೇನೂ ಹತ್ತಲಿಲ್ಲ, ಊರು ನೋಡಲೆಂದು ನಡೆಯಲೂ ಇಲ್ಲ. ಅಲ್ಲಿನವರೇ ಹಾಗೆ ಮಾಡುವುದಿಲ್ಲ. ಇನ್ನೊಂದು: ನಮ್ಮವರ ಬಳಿ ಸೇನೆಯ ಸಮವಸ್ತ್ರದಂಥ ಮಚ್ಚೆಮಚ್ಚೆಯ ಟೋಪಿ ಇತ್ತು. ಸಾಮಾನ್ಯರು ಆ ವಿನ್ಯಾಸದ ಬಟ್ಟೆ ಹಾಕುವುದು ಅಲ್ಲಿ ಕಾನೂನಿಗೆ ವಿರುದ್ಧ. ಅದು ಹತ್ತು ದಿನವೂ ಸೂಟ್‌ಕೇಸಿನ ತಳದಲ್ಲೇ ಮಲಗಿತ್ತು.

ಒಂದು ದಿನ ಕಾರು ಮಾಡಿಕೊಂಡು ಕ್ಯಾರಪಿಚೈಮಾ ಎಂಬ ಊರಿಗೆ ಹೋದೆವು. ದಾರಿಯುದ್ದಕ್ಕೂ ಮನೆಗಳ ಅಂಗಳದಲ್ಲಿ ಬಿದಿರ ಗಳಕ್ಕೆ ಕಟ್ಟಿದ ಕೆಂಪು, ಹಳದಿ ಬಾವುಟಗಳು. ಪೂಜೆ ಮುಗಿದ ಮೇಲೆ ನೆಡುವ ಝಂಡಿ. ತಿರುವು ದಾಟಿದೊಡನೆ ಎಂಬತ್ತೈದು ಅಡಿಯ ಹನುಮಂತ ಎದ್ದು ನಿಂತ. ಈ ದೇವಸ್ಥಾನ ದ್ರಾವಿಡ ಶೈಲಿಯದು. ಕಟ್ಟಿಸಿದವರು ಯಾರೆಂದು ಓದಿ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು: ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿ. 2003ರಲ್ಲಿ ಈ ಮೂರ್ತಿಯ ಪ್ರತಿಷ್ಠೆಯಾಯಿತು. ಮೈಸೂರಿನಲ್ಲಿ ನಮ್ಮ ಮನೆಯಿಂದ ಅವರ ಆಶ್ರಮಕ್ಕೆ ಆಟೊದಲ್ಲಿ ಹದಿನೈದು ನಿಮಿಷ. ಅಲ್ಲಿಗೆ ಹೋಗದೆ ಎಷ್ಟೋ ವರ್ಷವಾಗಿತ್ತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿಂದ ಸ್ವಲ್ಪ ದೂರದ ವಾಟರ್‌ಲೂ. ಸೇವ್‌ದಾಸ್ ಸಾಧು ಎಂಬ ಕಬ್ಬಿನ ತೋಟದ ಕೂಲಿ 1947ರಲ್ಲಿ ಕಡಲ ತಡಿಯಲ್ಲಿ ಒಂದು ಗುಡಿ ಕಟ್ಟಿದ. ಜಾಗ ಸಕ್ಕರೆ ಕಂಪನಿಯದು. 1952ರಲ್ಲಿ ಅದನ್ನು ಕೆಡವಿದರು, ಅವನನ್ನು ಜೈಲಿಗೂ ಹಾಕಿದರು. ನೆಲದ ಮೇಲೆ ಬೇಡವೆಂದರೆ ನೀರಿನಲ್ಲಿ ಕಟ್ಟುತ್ತೇನೆ, ಸಮುದ್ರ ಯಾರ ಆಸ್ತಿಯೂ ಅಲ್ಲವಲ್ಲ ಎಂಬುದು ಅವನ ತರ್ಕ. ಸೈಕಲ್ಲಿನ ಮೇಲೆ ಕಲ್ಲು, ಸಿಮೆಂಟು ಹೇರಿಕೊಂಡು, ಇಳಿತದ ಹೊತ್ತು ಕಾದು, ಕೆಸರಿನೊಳಗೆ ವರ್ಷಗಟ್ಟಲೆ ಒಬ್ಬನೇ ತುಂಬುತ್ತಾ ಹೋದ. ಈಗಿರುವ ಬಿಳಿಯ ಗುಡಿ, ಅದಕ್ಕೆ ಹೋಗುವ ಕಾಲುದಾರಿ, ಭಾರತೀಯರು ಬಂದು ನೂರೈವತ್ತು ವರ್ಷವಾದಾಗ 1995ರಲ್ಲಿ ಸರ್ಕಾರದ ನೆರವಿನಿಂದ ಆದದ್ದು. ನಾವು ಹೋದಾಗ ಇಳಿತ. ಕೆಸರಿನಲ್ಲಿ ಕೊಕ್ಕರೆಗಳು ಓಡಾಡುತ್ತಿದ್ದವು, ಪಕ್ಕದ ದಡದ ಸ್ಮಶಾನದಲ್ಲಿ ಯಾರದೋ ಚಿತೆ ಹೊಗೆಯಾಡುತ್ತಿತ್ತು. ನಾನು ಹಿಂದಿನ ದಿನವಷ್ಟೇ ಬೈದಿದ್ದ ಅದೇ ಕಂದು ನೀರು. ಇದನ್ನು ನೋಡಲು ಹೋಗುವವರು ಭರತ ಇಳಿತದ ಸಮಯ ಕೇಳಿಕೊಂಡು, ಇಳಿತದಲ್ಲೇ ಹೋಗಿ. ಆಗ ಮಾತ್ರ ಆ ಮನುಷ್ಯ ಎಂಥ ಜಾಗದಲ್ಲಿ ಕೆಲಸ ಮಾಡಿದ ಎಂಬುದು ಕಾಣುತ್ತದೆ.

ಲಾ ಬ್ರೇಯ ಡಾಂಬರು ಕೆರೆ ನೂರು ಎಕರೆ. ನೆಲದಿಂದ ತಾನಾಗಿ ಉಕ್ಕಿ ಬಂದ ಡಾಂಬರಿನ ಮೇಲೆ ನಡೆಯಬಹುದು. ಆನೆಯ ಚರ್ಮದ ಮೇಲೆ ನಡೆದಂತೆ. ಗೇಟಿನ ಹೊರಗೆ ಮೈಮೇಲೆ ಬೀಳುವ ಮಾರ್ಗದರ್ಶಿಗಳನ್ನು ಬಿಟ್ಟು ಒಳಗಿನ ಕಚೇರಿಯವರನ್ನೇ ಕರೆದುಕೊಳ್ಳಿ. ನಾವು ಮೊದಲನೆಯವರಿಗೆ ಸಿಕ್ಕಿ ಎರಡು ಬಾರಿ ಹಣ ಕೊಟ್ಟೆವು. ಕರೋನಿ ಜೌಗಿನಲ್ಲಿ ಸಂಜೆ ನಾಲ್ಕರ ದೋಣಿ ಹತ್ತಿದರೆ ಕಡುಗೆಂಪು ಐಬಿಸ್ ಹಕ್ಕಿಗಳು ಗೂಡಿಗೆ ಮರಳುವುದು ಕಾಣುತ್ತದೆ. ರಂಗನತಿಟ್ಟಿನಲ್ಲಿ ದೋಣಿಯವನು ಹಕ್ಕಿಯ ಮೂಗಿನ ತುದಿಗೇ ಒಯ್ಯುತ್ತಾನೆ. ಇಲ್ಲಿ ಬಹು ದೂರದಲ್ಲಿ ನಿಲ್ಲಿಸಿ ಎಂಜಿನ್ ಆರಿಸುತ್ತಾರೆ. ದುರ್ಬೀನು ಒಯ್ದಿರಲಿಲ್ಲ. ಹಸಿರು ಮರ ಒಂದೊಂದೇ ಕೆಂಪಾಗುವುದನ್ನು ನೋಡಲು ಅದು ಬೇಕಾಗಲೂ ಇಲ್ಲ.

ಇನ್ನು ಓವಲ್. ನಾವು ಉಳಿದಿದ್ದ ವುಡ್‌ಬ್ರೂಕಿನಿಂದ ನಡೆದೇ ಹೋಗಬಹುದು. ಪಂದ್ಯವಿರಲಿಲ್ಲ. ಕಾವಲುಗಾರನಿಗೆ ಗುಡ್ ಮಾರ್ನಿಂಗ್ ಹೇಳಿ, ಮೈಸೂರಿನಿಂದ ಬಂದಿದ್ದೇವೆ ಎಂದದ್ದಕ್ಕೆ ಹತ್ತು ನಿಮಿಷ ಒಳಗೆ ಬಿಟ್ಟ. ಖಾಲಿ ಮೈದಾನ, ಹಿಂದೆ ಹಸಿರು ಬೆಟ್ಟಸಾಲು. ನಮ್ಮವರು ಹಿತ್ತಾಳೆಯ ಕಂಬಿ ಹಿಡಿದು 1976ರ ಏಪ್ರಿಲ್ ಶುರುಮಾಡಿದರು. ಗಯಾನಾದಲ್ಲಿ ಮಳೆ ಬಂದು ಇಲ್ಲಿಗೆ ವರ್ಗವಾದ ಭಾರತ-ವೆಸ್ಟ್ ಇಂಡೀಸ್ ಟೆಸ್ಟ್; ಮೊದಲ ಇನ್ನಿಂಗ್ಸಿನಲ್ಲಿ ನಮ್ಮ ಮೈಸೂರಿನ ಚಂದ್ರಶೇಖರ್‌ಗೆ ಆರು ವಿಕೆಟ್; ಗೆಲ್ಲಲು 403; ಗಾವಸ್ಕರ್ 102, ಭದ್ರಾವತಿಯ ವಿಶ್ವನಾಥ್ 112, ಕೊನೆಯಲ್ಲಿ ಬ್ರಿಜೇಶ್ ಪಟೇಲ್ ಔಟಾಗದೆ 49; ನಾಲ್ಕು ವಿಕೆಟ್ಟಿಗೆ 406. ಕಾವಲುಗಾರ ಹುಟ್ಟುವುದಕ್ಕೆ ಮುಂಚಿನ ಕತೆ ಅದು. ಅವನು ತಾಳ್ಮೆಯಿಂದ ಕೇಳಿ, ಆ ಸೋಲಿನ ನಂತರವೇ ವೆಸ್ಟ್ ಇಂಡೀಸ್ ನಾಯಕ ಲಾಯ್ಡ್ ನಾಲ್ವರು ವೇಗಿಗಳ ಕಡೆಗೆ ತಿರುಗಿದ್ದು, ಆಮೇಲೆ ಏನಾಯಿತು ಗೊತ್ತಲ್ಲ ಎಂದು ನಕ್ಕ. ಹತ್ತು ನಿಮಿಷ ಮುಕ್ಕಾಲು ಗಂಟೆಯಾಯಿತು.

ಕೊನೆಯ ರಾತ್ರಿ ಪ್ಯಾನ್‌ಯಾರ್ಡ್ ಒಂದಕ್ಕೆ, ಅಂದರೆ ಸ್ಟೀಲ್ ಪ್ಯಾನ್ ವಾದ್ಯತಂಡ ತಾಲೀಮು ನಡೆಸುವ ಅಂಗಳಕ್ಕೆ, ಹೋದೆವು. ಕಾರ್ನಿವಲ್‌ಗೆ ಇನ್ನೂ ಕೆಲವು ವಾರವಿತ್ತು. ಆ ಹೊತ್ತಿನಲ್ಲಿ ಹೋಗುವುದೇ ಮೇಲು, ಕೋಣೆಗಳ ಬಾಡಿಗೆ ಇನ್ನೂ ಗಗನಕ್ಕೆ ಏರಿರುವುದಿಲ್ಲ, ತಾಲೀಮು ಮಾತ್ರ ಜೋರಾಗಿರುತ್ತದೆ. ಎಣ್ಣೆ ಡ್ರಮ್ಮುಗಳ ತಳವನ್ನು ಬಡಿದು ತಗ್ಗಿಸಿ ಸ್ವರ ಹುಟ್ಟಿಸಿದ ವಾದ್ಯಗಳು ನೂರರ ಸಂಖ್ಯೆಯಲ್ಲಿ. ಒಂದೇ ಸಾಲನ್ನು ಇಪ್ಪತ್ತು ಸಲ ನುಡಿಸಿದರು. ಯಾರೂ ಟಿಕೆಟ್ ಕೇಳಲಿಲ್ಲ. ಗೇಟಿನಲ್ಲಿ ನಾನೇ ಮೊದಲು ‘ಗುಡ್ ನೈಟ್’ ಎಂದು ಒಳಗೆ ಹೋಗಿದ್ದೆ.

ಬೆಂಗಳೂರಿನಲ್ಲಿ ಇಳಿದಾಗ ಆರೋಗ್ಯ ತಪಾಸಣೆಯ ಮೇಜಿನಲ್ಲಿ ಹಳದಿ ಕಾರ್ಡು ಕೇಳಿದರು. ಅಧಿಕಾರಿ ತಿರುಗಿಸಿ ನೋಡಿ, ‘ಟ್ರಿನಿಡಾಡಿಗೆ ಯಾಕೆ ಹೋಗಿದ್ದಿರಿ, ಕ್ರಿಕೆಟ್ ನೋಡಲಿಕ್ಕಾ?’ ಎಂದರು. ನಮ್ಮವರು ಬ್ಯಾಗನ್ನು ಕೆಳಗಿಟ್ಟು, ‘ಹಾಗೆ ನೋಡಿದರೆ ಗಯಾನಾದಲ್ಲಿ ಮಳೆ ಬರದಿದ್ದರೆ...’ ಎಂದು ಆರಂಭಿಸಿದರು. ಹಿಂದೆ ಸಾಲು ಬೆಳೆಯುತ್ತಿತ್ತು.