ಹೆಸರಿನ ಹಿಂದಿನ ಎರಡಕ್ಷರ: ನನ್ನ ಜರ್ಮನಿ ಸ್ಟೂಡೆಂಟ್ ವೀಸಾ ಅನುಭವ

ನಾನು 2024ರ ವಿಂಟರ್ ಸೆಮಿಸ್ಟರ್‌ಗೆ ಜರ್ಮನಿಗೆ ಬಂದೋಳು, ಈಗ ಕೆಮ್ನಿಟ್ಸ್‌ನಲ್ಲಿ ಮಾಸ್ಟರ್ಸ್ ಓದ್ತಿದೀನಿ. ಊರು ಚನ್ನರಾಯಪಟ್ಟಣದ ಕಡೆ. ವಾರಕ್ಕೆ ಒಬ್ರಾದ್ರೂ ಮೆಸೇಜ್ ಮಾಡಿ "ಅಕ್ಕ, ವೀಸಾ ಇಂಟರ್‌ವ್ಯೂನಲ್ಲಿ ಏನ್ ಕೇಳ್ತಾರೆ" ಅಂತಾರೆ. ನನಗೆ ಆ ಕೌಂಟರ್ ಮುಂದೆ ಮಾತು ಅಂತ ಆಗಿದ್ದು ಹತ್ತು ನಿಮಿಷ ಇರಬೋದು ಅಷ್ಟೇ. ಹತ್ತು ತಿಂಗಳು ತಿಂದಿದ್ದು ಅದಕ್ಕೆ ಮುಂಚಿನ ಕಾಗದಪತ್ರ, ಅದ್ರಲ್ಲೂ ನನ್ನ ಹೆಸರಿನ ಹಿಂದಿರೋ ಎರಡು ಇನಿಷಿಯಲ್ಲು.

ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ನಾನು ಸಹನಾ ಎಚ್ ಆರ್. ಪಿಯುಸಿ, ಬಿಇ ಎಲ್ಲಾದ್ರಲ್ಲೂ ಅದೇ. ಎಚ್ ಅಂದ್ರೆ ಹೊನ್ನೇನಹಳ್ಳಿ, ಆರ್ ಅಂದ್ರೆ ರಂಗಸ್ವಾಮಿ, ನಮ್ಮಪ್ಪ. ಹಳೇ ಮೈಸೂರು ಕಡೆ ಮುಕ್ಕಾಲುವಾಸಿ ಜನರ ಹೆಸರು ಹಿಂಗೇ ಇರುತ್ತೆ, ಯಾರೂ ತಲೆ ಕೆಡಿಸ್ಕೊಳಲ್ಲ. ಆದ್ರೆ 2021ರಲ್ಲಿ ಪಾಸ್‌ಪೋರ್ಟ್ ಮಾಡಿಸೋವಾಗ ಇನಿಷಿಯಲ್ ಬಿಡಿಸಿ ಬರೀಬೇಕು ಅಂತ ಸೈಬರ್ ಸೆಂಟರ್‌ನವನು ಸಹನಾ ಹೊನ್ನೇನಹಳ್ಳಿ ರಂಗಸ್ವಾಮಿ ಅಂತ ಅಷ್ಟನ್ನೂ ಗಿವನ್ ನೇಮ್ ಜಾಗದಲ್ಲೇ ತುಂಬಿ, ಸರ್‌ನೇಮ್ ಖಾಲಿ ಬಿಟ್ಟ. ಅವನದೇನು ತಪ್ಪಿಲ್ಲ ಬಿಡಿ, ನಮಗೆ ಸರ್‌ನೇಮ್ ಅಂತ ಒಂದು ಇದ್ದಿದ್ರೆ ತಾನೆ ಹಾಕೋಕೆ. ನಾನೂ ನೋಡಿ ಸೈನ್ ಮಾಡ್ದೆ.

ಮೊದಲ ಪೆಟ್ಟು ಬಿದ್ದಿದ್ದು ಎಪಿಎಸ್‌ನಲ್ಲಿ. ಗೊತ್ತಿಲ್ಲದೋರಿಗೆ ಹೇಳ್ಬೇಕಂದ್ರೆ, ನಮ್ಮ ಮಾರ್ಕ್ಸ್ ಕಾರ್ಡು ಡಿಗ್ರಿ ಎಲ್ಲ ಅಸಲಿನಾ ಅಂತ ಚೆಕ್ ಮಾಡಿ ಸರ್ಟಿಫಿಕೇಟ್ ಕೊಡೋ ಆಫೀಸು ಅದು, ದೆಹಲಿಯಲ್ಲಿದೆ, 2022ರ ನವೆಂಬರ್ 1ರಿಂದ ಭಾರತದಲ್ಲಿ ಓದಿ ಜರ್ಮನಿಗೆ ಹೋಗೋ ಹೆಚ್ಚಿನ ಸ್ಟೂಡೆಂಟ್ಸ್‌ಗೆ ಇದಿಲ್ಲದೆ ವೀಸಾ ಇಲ್ಲ. ಫೀಸು ನಾನು ಕಟ್ಟಿದಾಗ 18,000 ರೂಪಾಯಿ. ಅಪ್ಲಿಕೇಶನ್ ತುಂಬ್ತಾ ಕೂತಾಗ ಗಮನಕ್ಕೆ ಬಂತು, ಪಾಸ್‌ಪೋರ್ಟ್‌ನಲ್ಲಿರೋಳು ಒಬ್ಳು, ಮಾರ್ಕ್ಸ್ ಕಾರ್ಡಲ್ಲಿರೋಳು ಇನ್ನೊಬ್ಳು. ಇ-ಸ್ಟ್ಯಾಂಪ್ ಪೇಪರ್ ತಗೊಂಡು, ಈ ಎರಡು ಹೆಸರೂ ಒಬ್ಬಳದ್ದೇ, ಎಚ್ ಅಂದ್ರೆ ಊರು, ಆರ್ ಅಂದ್ರೆ ತಂದೆ ಅಂತ ಇಂಗ್ಲಿಷಲ್ಲಿ ಅಫಿಡವಿಟ್ ಮಾಡಿಸಿ ನೋಟರಿ ಸೀಲ್ ಹಾಕಿಸ್ದೆ. ಮೊದಲ ಸಲ ನೋಟರಿ ಆಫೀಸಿನ ಟೈಪಿಸ್ಟು ಊರಿನ ಹೆಸರಲ್ಲಿ ಒಂದು ಎನ್ ಜಾಸ್ತಿ ಒತ್ತಿದ್ದ. ಅದನ್ನ ಮನೆಗೆ ಬಂದ್ಮೇಲೆ ನೋಡಿ ಮಾರನೇ ದಿನ ಮತ್ತೆ ಬಸ್ ಹತ್ತಿ ಹೋಗಿ ಹೊಸದು ಮಾಡಿಸ್ದೆ. ಆ ಒರಿಜಿನಲ್ ಜೊತೆಗೆ ಅದರ ಹತ್ತು ಕಾಪಿ ಆಮೇಲೆ ನನ್ನ ಬ್ಯಾಗಲ್ಲಿ ಖಾಯಂ. ಎಪಿಎಸ್ ಸರ್ಟಿಫಿಕೇಟ್ ಯಾವ ತಕರಾರೂ ಇಲ್ದೆ ಬಂತು, ಅಲ್ಲಿಗೆ ಮುಗೀತು ಅಂದ್ಕೊಂಡೆ.

ಅಡ್ಮಿಶನ್ ಕಥೆ ಬೇಡ, ಯೂನಿ-ಅಸಿಸ್ಟ್ (ಜರ್ಮನ್ ಯೂನಿವರ್ಸಿಟಿಗಳ ಪರವಾಗಿ ಅರ್ಜಿ ತಗೊಂಡು ಚೆಕ್ ಮಾಡೋ ಸಂಸ್ಥೆ) ಮೂಲಕ ಐದು ಕಡೆ ಹಾಕಿದ್ದೆ, ಮೊದಲನೇದಕ್ಕೆ 75 ಯೂರೋ, ಆಮೇಲೆ ಒಂದೊಂದಕ್ಕೆ 30. ಎರಡು ಕಡೆ ಸಿಕ್ತು.

ನಿಜವಾದ ಸರ್ಕಸ್ಸು ದುಡ್ಡಿಂದು. ಜರ್ಮನಿಗೆ ಸ್ಟೂಡೆಂಟ್ ವೀಸಾ ಬೇಕಂದ್ರೆ ಒಂದು ವರ್ಷದ ಖರ್ಚನ್ನ ಬ್ಲಾಕ್ಡ್ ಅಕೌಂಟ್‌ಗೆ ಮೊದಲೇ ಹಾಕಿ ತೋರಿಸಬೇಕು (ಸ್ಕಾಲರ್‌ಶಿಪ್ಪೋ ಸ್ಪಾನ್ಸರ್ರೋ ಇದ್ರೆ ಬೇರೆ ಮಾತು), ಅಲ್ಲಿಗೆ ಹೋದ್ಮೇಲೆ ತಿಂಗಳಿಗೆ ಇಷ್ಟು ಅಂತ ಮಾತ್ರ ಬಿಡ್ತಾರೆ. ನನ್ನ ಕಾಲಕ್ಕೆ 11,208 ಯೂರೋ, ತಿಂಗಳಿಗೆ 934. ಯೂರೋ 90ರ ಆಸುಪಾಸು ಇತ್ತು, ಹತ್ತು ಲಕ್ಷದ ಮೇಲೆ ಆಯ್ತು. ಅಪ್ಪನ ಹತ್ರ ಇರೋದು ತೆಂಗಿನ ತೋಟ. ತೋಟ ಅಡ ಇಟ್ಟು ಲೋನ್ ಅಂದ್ರೆ ಬ್ಯಾಂಕಲ್ಲಿ ಆಗಲ್ಲ, ಎಜುಕೇಶನ್ ಲೋನ್‌ಗೆ ಕೃಷಿ ಜಮೀನು ಶ್ಯೂರಿಟಿಗೆ ತಗೊಳಲ್ಲ ಅಂದ್ರು. ಊರಲ್ಲಿರೋ ಮನೆ ಕೊಡೋಣ ಅಂದ್ರೆ ಪಂಚಾಯ್ತಿ ಖಾತೆ, ಇ-ಸ್ವತ್ತಿನ ಫಾರಂ 9, 11 ತನ್ನಿ ಅಂದ್ರು, ಅದು ತಾತನ ಹೆಸರಲ್ಲೇ ಇತ್ತು. ಅಪ್ಪ ಪಂಚಾಯ್ತಿ ಆಫೀಸಿಗೆ ಎಷ್ಟು ಸಲ ಅಲೆದ್ರೋ ಲೆಕ್ಕ ಇಲ್ಲ. ಅದಕ್ಕೇ ಹೇಳೋದು, ಅಡ್ಮಿಶನ್ ಲೆಟರ್ ಬಂದ್ಮೇಲೆ ಲೋನ್ ನೋಡೋಣ ಅನ್ಬೇಡಿ, ಮನೆ ಖಾತೆ ಯಾರ ಹೆಸರಲ್ಲಿದೆ ಅಂತ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ ಬುಕ್ ಮಾಡೋಕೆ ಮುಂಚೆ ನೋಡಿ.

ಬ್ಯಾಂಕ್ ಮ್ಯಾನೇಜರ್ ಒಳ್ಳೆಯೋರು, ಆದ್ರೆ ಅವರಿಗೆ ಜರ್ಮನಿ ಕೇಸ್ ಇದೇ ಮೊದಲು. "ಅಲ್ಲಮ್ಮ, ಕಾಲೇಜ್ ಫೀಸ್ ಎಷ್ಟು?" ಅಂದ್ರು. ಫೀಸ್ ಇಲ್ಲ ಸಾರ್, ಸೆಮಿಸ್ಟರ್‌ಗೆ ಒಂದು ಕಾಂಟ್ರಿಬ್ಯೂಶನ್ ಅಷ್ಟೇ ಅಂದೆ. "ಫೀಸೇ ಇಲ್ಲ ಅಂದ್ಮೇಲೆ ಎಜುಕೇಶನ್ ಲೋನ್ ಯಾತಕ್ಕೆ?" ಅಂತ ನಕ್ರು. ಬ್ಲಾಕ್ಡ್ ಅಕೌಂಟ್ ಅಂದ್ರೆ ಏನು ಅಂತ ಒಂದು ಪುಟ ಬರೆದು, ಜರ್ಮನ್ ಕಾನ್ಸುಲೇಟ್ ವೆಬ್‌ಸೈಟಿನ ಪ್ರಿಂಟೌಟ್ ಪಿನ್ ಮಾಡಿ ಕೊಟ್ಟೆ, ಅದನ್ನೇ ಅವರು ಮೇಲಿನ ಆಫೀಸಿಗೆ ಕಳಿಸಿ ಲಿವಿಂಗ್ ಎಕ್ಸ್‌ಪೆನ್ಸಸ್ ಹೆಡ್ಡಲ್ಲಿ ಸ್ಯಾಂಕ್ಷನ್ ಮಾಡಿಸಿದ್ರು. ಲೋನ್ ದುಡ್ಡಾಗಿದ್ರಿಂದ ಒಂದು ಲಾಭ ಆಯ್ತು, ಆಗ ಏಳು ಲಕ್ಷದ ಮೇಲಿನ ದುಡ್ಡಿಗೆ ಟಿಸಿಎಸ್ (ವಿದೇಶಕ್ಕೆ ದುಡ್ಡು ಕಳಿಸೋವಾಗ ಬ್ಯಾಂಕ್ ವಸೂಲಿ ಮಾಡೋ ತೆರಿಗೆ) ಅರ್ಧ ಪರ್ಸೆಂಟ್ ಮಾತ್ರ, ಸ್ವಂತ ದುಡ್ಡು ಕಳಿಸಿದ್ರೆ ಐದು ಪರ್ಸೆಂಟು. ಈಗ 2025ರ ಏಪ್ರಿಲ್‌ನಿಂದ ಎಜುಕೇಶನ್ ಲೋನ್‌ಗೆ ಟಿಸಿಎಸ್ಸೇ ಇಲ್ಲ.

ದುಡ್ಡು ಹೋಯ್ತು, ಬ್ಲಾಕ್ಡ್ ಅಕೌಂಟ್ ಕನ್ಫರ್ಮೇಶನ್ ಬಂತು, ತೆಗೆದು ನೋಡಿದ್ರೆ ಹೆಸರು "ಸಹನಾ ರಂಗಸ್ವಾಮಿ". ಆ ಅಕೌಂಟ್ ಕೊಡೋರ ಫಾರಂನಲ್ಲಿ ಲಾಸ್ಟ್ ನೇಮ್ ಖಾಲಿ ಬಿಟ್ರೆ ಮುಂದಕ್ಕೇ ಹೋಗ್ತಿರ್ಲಿಲ್ಲ, ನಾನು ಅವಸರಕ್ಕೆ ಅಪ್ಪನ ಹೆಸರು ಹಾಕಿ, ಊರು ಬಿಟ್ಟುಬಿಟ್ಟಿದ್ದೆ. ಅಡ್ಮಿಶನ್ ಲೆಟರಲ್ಲಿ ಬೇರೆ ಲಾಸ್ಟ್ ನೇಮ್ "ಹೊನ್ನೇನಹಳ್ಳಿ ರಂಗಸ್ವಾಮಿ" ಅಂತಿತ್ತು. ಅಂದ್ರೆ ಈಗ ನನಗೆ ನಾಲ್ಕು ಹೆಸರು! ಅಪಾಯಿಂಟ್‌ಮೆಂಟ್‌ಗೆ ಒಂಬತ್ತು ದಿನ ಇತ್ತು. ಬ್ಲಾಕ್ಡ್ ಅಕೌಂಟಿನೋರ ಸಪೋರ್ಟ್‌ಗೆ ಮೇಲ್ ಮೇಲೆ ಮೇಲು, ಪಾಸ್‌ಪೋರ್ಟ್ ಸ್ಕ್ಯಾನು, ಅಫಿಡವಿಟ್ಟು, ಉತ್ತರ ಬಂದ್ರೆ ಆಟೋಮ್ಯಾಟಿಕ್ ರಿಪ್ಲೈ, ರಾತ್ರಿ ಎರಡು ಗಂಟೆಗೆ ಎದ್ದು ಇನ್‌ಬಾಕ್ಸ್ ನೋಡೋದು, ಅಮ್ಮ ಬೇರೆ ಊರಮ್ಮನಿಗೆ ಹರಕೆ ಕಟ್ಕೊಂಡಿದ್ದು, ಹಿಂಗೇ ಆರು ದಿನ ಹೋಯ್ತು. ಏಳನೇ ದಿನ ತಿದ್ದಿದ ಪಿಡಿಎಫ್ ಬಂತು. ಹಾಗಾಗಿ ಯಾವ ಫಾರಂ ಸರ್‌ನೇಮ್ ಕೇಳಿದ್ರೂ ಏನು ಹಾಕ್ತೀರಿ ಅಂತ ಮೊದಲೇ ಒಂದು ಚೀಟೀಲಿ ಬರ್ಕೊಂಡು, ಎಲ್ಲಾ ಕಡೆ ಅದನ್ನೇ ನೋಡಿ ಟೈಪ್ ಮಾಡಿ. ಟೈಮ್ ಇದ್ರೆ ಪಾಸ್‌ಪೋರ್ಟನ್ನೇ ರೀಇಶ್ಯೂ ಮಾಡಿಸಿ ಸರ್‌ನೇಮ್ ಹಾಕಿಸೋದು ಇನ್ನೂ ವಾಸಿ, ನನಗೆ ಟೈಮ್ ಇರ್ಲಿಲ್ಲ.

ಜುಲೈ ಕೊನೇಲಿ ಬೆಂಗಳೂರಲ್ಲಿ ಅಪಾಯಿಂಟ್‌ಮೆಂಟು. ಎರಡು ಸೆಟ್ ಡಾಕ್ಯುಮೆಂಟ್ಸು, 35 ಇಂಟು 45 ಮಿಲಿಮೀಟರ್ ಫೋಟೋ, 75 ಯೂರೋ ವೀಸಾ ಫೀಸು ರೂಪಾಯಿ ಲೆಕ್ಕದಲ್ಲಿ, ಬೆರಳಚ್ಚು. ಯಾಕೆ ಈ ಕೋರ್ಸು, ಓದಿದ್ಮೇಲೆ ಏನ್ಮಾಡ್ತೀಯ, ದುಡ್ಡು ಎಲ್ಲಿಂದ ಅಂತ ಕೇಳಿದ್ರು. ಅಫಿಡವಿಟ್ ತೋರಿಸ್ದೆ, ಕೌಂಟರ್‌ನಲ್ಲಿದ್ದ ಹುಡುಗಿ ನೋಡಿ "ನಂದೂ ಹಿಂಗೇ, ಇನಿಷಿಯಲ್ಲು" ಅಂದ್ಲು, ಫೈಲ್ ಒಳಗೆ ಸೇರಿಸಿದ್ಲು. ಅಷ್ಟೇ.

ಐದು ವಾರಕ್ಕೆ ಪಾಸ್‌ಪೋರ್ಟ್ ಕೊರಿಯರಲ್ಲಿ ಬಂತು, ವೀಸಾ ಅಂಟಿಸಿತ್ತು. ನನ್ನ ಫ್ರೆಂಡ್ ಒಬ್ಬಳು ಸೆಪ್ಟೆಂಬರ್‌ನಲ್ಲಿ ಹಾಕಿದ್ಲು, ಅಷ್ಟೊತ್ತಿಗೆ ಬ್ಲಾಕ್ಡ್ ಅಕೌಂಟ್ 11,904 ಯೂರೋಗೆ ಏರಿತ್ತು, ಪಾಪ ಇನ್ನೂ 696 ಯೂರೋ ಹೊಂದಿಸಬೇಕಾಯ್ತು. ಈಗ ಹಾಕೋರಿಗೆ ಇನ್ನೂ ಬದಲಾಗಿದೆ. 2025ರ ಜನವರಿಯಿಂದ ಕಾನ್ಸುಲರ್ ಸರ್ವಿಸಸ್ ಪೋರ್ಟಲ್‌ನಲ್ಲಿ ಎಲ್ಲಾ ಆನ್‌ಲೈನ್ ಅಪ್‌ಲೋಡ್ ಮಾಡಿ ಆಮೇಲೆ ಅಪಾಯಿಂಟ್‌ಮೆಂಟ್‌ಗೆ ಹೋಗ್ಬೋದು. 2025ರ ಜುಲೈ 1ರಿಂದ ರಿಮಾನ್‌ಸ್ಟ್ರೇಶನ್ ಕೂಡ ತೆಗೆದ್ರು, ಅಂದ್ರೆ ರಿಜೆಕ್ಟ್ ಆದ್ರೆ ಮರುಪರಿಶೀಲನೆ ಮಾಡಿ ಅಂತ ಪುಕ್ಕಟೆ ಪತ್ರ ಬರೆಯೋ ದಾರಿ ಇಲ್ಲ, ಹೊಸದಾಗಿ ಫೀಸ್ ಕಟ್ಟಿ ಹಾಕ್ಬೇಕು ಇಲ್ಲ ಬರ್ಲಿನ್ ಕೋರ್ಟಿಗೆ ಹೋಗ್ಬೇಕು. ಆದ್ರಿಂದ ಒಂದಕ್ಷರ ಆಚೀಚೆ ಇದ್ರೂ ಮೊದಲೇ ಅಫಿಡವಿಟ್ ಹಾಕಿಬಿಡಿ.

ಇಲ್ಲಿಗೆ ಬಂದ್ಮೇಲೂ ಹೆಸರು ಬಿಡ್ಲಿಲ್ಲ. ಇಲ್ಲಿ ಫ್ಲ್ಯಾಟ್ ನಂಬರ್ ಬರೆಯೋ ರೂಢಿ ಕಮ್ಮಿ, ಪೋಸ್ಟ್‌ಮ್ಯಾನ್ ಲೆಟರ್‌ಬಾಕ್ಸ್ ಮೇಲಿನ ಹೆಸರು ನೋಡಿ ಹಾಕ್ತಾನೆ. ನಾನು ಸಹನಾ ಅಂತ ಅಂಟಿಸಿದ್ದೆ. ಹೆಲ್ತ್ ಇನ್ಶೂರೆನ್ಸ್ ಕಾರ್ಡ್ ಬರಲೇ ಇಲ್ಲ, ಫೋನ್ ಮಾಡಿದ್ರೆ ಅದು ವಾಪಸ್ ಹೋಗಿದೆ, ಆ ಹೆಸರಿನೋರು ಈ ವಿಳಾಸದಲ್ಲಿ ಇಲ್ವಂತೆ. ಬಾಕ್ಸ್ ಮೇಲಿನ ಪಟ್ಟೀಲಿ ಒಂದೇ ಪದಕ್ಕೆ ಜಾಗ, ಸಹನಾ ಕಿತ್ತು ಲಾಸ್ಟ್ ನೇಮಿನ ಮೊದಲ ಪದ ಹೊನ್ನೇನಹಳ್ಳಿ ಅಂತ ಪ್ರಿಂಟ್ ತೆಗೆದು ಅಂಟಿಸ್ದೆ. ಆ ವಾರ ಅಪ್ಪ ವಿಡಿಯೋ ಕಾಲ್ ಮಾಡಿದಾಗ ತೋರಿಸ್ದೆ, ಕನ್ನಡಕ ಹಾಕ್ಕೊಂಡು ನಿಧಾನಕ್ಕೆ ಓದಿ ಅಂದ್ರು, "ಊರ್ ಹೆಸ್ರು ಹಾಕಿದಿಯಲ್ಲವ್ವ, ನಿನ್ ಹೆಸ್ರೆಲ್ಲಿ?"