ಹತ್ತು ಸಲ ಕರೆಯೋ ಬದಲು ಎರಡು ಫೋಟೋ

ಆಟಿಸಂ ಇರೋ ಮಗು ಸ್ನಾನಕ್ಕೆ, ಹಲ್ಲುಜ್ಜೋಕೆ ಬರಲ್ಲ ಅಂದ್ರೆ ‘ಮೊದಲು–ಆಮೇಲೆ’ ಕಾರ್ಡ್ ತೋರಿಸಿ ನೋಡಿ. ಹಳೇ ಲಗ್ನಪತ್ರಿಕೆಯ ಖಾಲಿ ಬೆನ್ನಿಗೆ ನಡುವೆ ಒಂದು ಗೆರೆ ಎಳೆದು, ಎಡಗಡೆ ಮಾಡಬೇಕಾದ ಕೆಲಸದ ಫೋಟೋ ಅಂಟಿಸಿ. ಬಲಗಡೆ ಮಗುವಿಗೆ ಪ್ರಾಣವಾದದ್ದು, ಉಯ್ಯಾಲೆಯೋ ಕುಕ್ಕರಹಳ್ಳಿ ಕೆರೆ ಸುತ್ತೋ. ಫೋಟೋ ನಿಮ್ಮ ಮನೆಯದ್ದೇ ಇರಲಿ: ಅದೇ ನೀಲಿ ಬಕೆಟ್ಟು, ಅದೇ ಸೊಟ್ಟಗಾದ ಚೊಂಬು. ಆಡಿದ ಮಾತು ಆಡಿದ ಕೂಡಲೇ ಹೋಗಿಬಿಡುತ್ತೆ, ಚಿತ್ರ ಕಣ್ಣೆದುರೇ ಇರುತ್ತೆ. ಇಷ್ಟದ್ದು ಹಿಂದೆಯೇ ಬರುತ್ತೆ ಅಂತ ಗೊತ್ತಾದ್ರೆ ಬೇಡದ ಕೆಲಸವೂ ಹಗುರಾಗುತ್ತೆ. ಬಿಹೇವಿಯರ್ ಥೆರಪಿಯಲ್ಲಿ ಇದನ್ನೇ ಪ್ರೀಮ್ಯಾಕ್ ತತ್ವ ಅಂತಾರೆ. ಕೆಲಸ ಮುಗಿದ ತಕ್ಷಣ ಬಲಗಡೆಯದ್ದು ಕೊಡಲೇಬೇಕು. ‘ಇನ್ನೆರಡು ತುತ್ತು ತಿನ್ನು ಕಂದಾ, ಆಮೇಲೆ’ ಅಂತ ನಡುವೆ ಸೇರಿಸಿದ್ರೆ ಕಾರ್ಡಿನ ಮೇಲಿನ ನಂಬಿಕೆಯೇ ಹೋಗುತ್ತೆ, ಮನೇಲಿರೋ ಅಜ್ಜಿ-ತಾತನಿಗೂ ಇದನ್ನ ತಿಳಿಸಿಬಿಡಿ. ಅಳು, ಕಿರುಚಾಟ ಆಗಲೇ ಏರಿಬಿಟ್ಟಿದ್ರೆ ಕಾರ್ಡ್ ಕೆಲಸ ಮಾಡಲ್ಲ; ಮಗು ತಣ್ಣಗಾಗೋವರೆಗೂ ಸುಮ್ಮನೆ ಪಕ್ಕದಲ್ಲಿರಿ. ಫೋಟೋಗೂ ವಸ್ತುವಿಗೂ ನಂಟು ಇನ್ನೂ ಗೊತ್ತಾಗದ ಮಗುವಿಗೆ ಬ್ರಷ್ಷನ್ನೇ ಕೈಗೆ ಕೊಟ್ಟು ತೋರಿಸಿ. ತಲೆ ಮೇಲೆ ನೀರು ಬೀಳೋದನ್ನೇ ತಡೆದುಕೊಳ್ಳಲಾರದ ಮಗುವನ್ನ ಮಾತ್ರ ದಯವಿಟ್ಟು ಆಸೆ ತೋರಿಸಿ ಕೂರಿಸಬೇಡಿ, ಅದು ಹಠ ಅಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದ್ರೂ ಆಯ್ತು. ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ವಾಕ್-ಶ್ರವಣ ಸಂಸ್ಥೆ ಆಯಿಷ್‌ಗೋ ಬೇರೆ ಕಡೆಗೋ ಥೆರಪಿಗೆ ಹೋಗೋರು ಕಾರ್ಡನ್ನ ಚೀಲದಲ್ಲಿ ಇಟ್ಟುಕೊಂಡು ಹೋಗಿ ಥೆರಪಿಸ್ಟ್‌ಗೆ ತೋರಿಸಿ, ಎರಡೂ ಕಡೆ ಒಂದೇ ಥರ ನಡೆದ್ರೆ ಮಗುವಿಗೆ ಬೇಗ ಹಿಡಿಯುತ್ತೆ.