ಒಂದು ವಿಡಿಯೊ, ನಾಲ್ಕು ಸಿಸ್ಟಂ: ಎನ್‌ಕೋಡಿಂಗ್ ಕೆಲಸ ಹಂಚುವುದು ಹೇಗೆ?

ಇಡೀ ರಾತ್ರಿಯ ಯಕ್ಷಗಾನ ಆಟ, ಎಂಟು ಗಂಟೆಯ ರೆಕಾರ್ಡಿಂಗ್ ಎಂದುಕೊಳ್ಳಿ. ಸೆಕೆಂಡಿಗೆ 25 ಫ್ರೇಮಿನಂತೆ, 24 ಮೆಗಾಬಿಟ್ ವೇಗದಲ್ಲಿ ಬರೆದ ಫೈಲು ಸುಮಾರು 86 ಜಿಬಿ ತೂಗುತ್ತದೆ. ಅದರಲ್ಲಿ 7,20,000 ಫ್ರೇಮುಗಳಿರುತ್ತವೆ. 64 ಜಿಬಿ ಪೆನ್‌ಡ್ರೈವ್‌ನಲ್ಲಿ ಹಿಡಿಯುವುದಿಲ್ಲ. ಅಪ್‌ಲೋಡ್ ವೇಗ 20 ಮೆಗಾಬಿಟ್ ಇರುವ ಲೈನಿನಲ್ಲಿ ಯೂಟ್ಯೂಬಿಗೆ ಏರಿಸಲು ಒಂಬತ್ತೂವರೆ ಗಂಟೆ ಬೇಕು. ಕಂಪ್ರೆಸ್ ಮಾಡದೆ, ಅಂದರೆ ಮತ್ತೆ ಎನ್‌ಕೋಡ್ ಮಾಡಿ ಚಿಕ್ಕದಾಗಿಸದೆ ಗತಿಯಿಲ್ಲ. ಎಕ್ಸ್264 ಎಂಬ ಎನ್‌ಕೋಡರಿನ ‘ಸ್ಲೋ’ ಪ್ರಿಸೆಟ್‌ನಲ್ಲಿ (ನಿಧಾನವಾದರೂ ಚೆನ್ನಾಗಿ ಕುಗ್ಗಿಸುವ ಸಿದ್ಧ ಹೊಂದಿಕೆ) ಸೆಕೆಂಡಿಗೆ 30 ಫ್ರೇಮ್ ಮುಗಿಸುವ ಸಿಸ್ಟಂ ಒಂದೇ ದುಡಿದರೆ 6 ಗಂಟೆ 40 ನಿಮಿಷ. ಅದೇ ಹೊತ್ತಿಗೆ ಪಕ್ಕದ ಮೇಜುಗಳಲ್ಲಿ ಇನ್ನು ಮೂರು ಸಿಸ್ಟಂ ಸುಮ್ಮನೆ ಕೂತಿರುತ್ತವೆ.

ಅವುಗಳಿಗೂ ಕೆಲಸ ಕೊಡಲು ದುಬಾರಿ ಸಾಫ್ಟ್‌ವೇರ್ ಬೇಡ. ವಿಡಿಯೊ ಕತ್ತರಿಸಿ, ಎನ್‌ಕೋಡ್ ಮಾಡಿ, ಜೋಡಿಸುವ ಎಫ್‌ಎಫ್‌ಎಂಪೆಗ್ ಮತ್ತು ಕೆಲಸವನ್ನು ಸಿಸ್ಟಂಗಳಿಗೆ ಹಂಚುವ ಗ್ನೂ ಪ್ಯಾರಲಲ್ ಎಂಬ ಎರಡು ಉಚಿತ ಸಲಕರಣೆ ಸಾಕು. ವಿಡಿಯೊವನ್ನು ತುಂಡುಗಳಾಗಿ ಕತ್ತರಿಸುವುದು, ಹಂಚುವುದು ಸಲೀಸು. ಎಡವಟ್ಟಾಗುವುದು ತುಂಡುಗಳನ್ನು ಮತ್ತೆ ಜೋಡಿಸುವ ಹೊಲಿಗೆಯಲ್ಲಿ, ಅದರ ಬೀಜ ಮಾತ್ರ ಬಹುಪಾಲು ಕತ್ತರಿಸುವಾಗಲೇ ಬಿದ್ದಿರುತ್ತದೆ.

ನಿಜಕ್ಕೂ ಬೇಕೇ?

ಮೊದಲು ಇರುವ ಸಿಸ್ಟಂ ಪೂರ್ತಿ ದುಡಿಯುತ್ತಿದೆಯೇ ನೋಡಿ. ಎನ್‌ಕೋಡ್ ನಡೆಯುವಾಗ ಪ್ರೊಸೆಸರ್ ಬಳಕೆ ಶೇ 90ರ ಮೇಲಿದ್ದರೆ ಸರಿ. ಶೇ 50ರ ಆಸುಪಾಸಿನಲ್ಲೇ ನಿಂತಿದ್ದರೆ ಆ ಸಿಸ್ಟಮ್ಮಿನಲ್ಲೇ ಎರಡು ಎನ್‌ಕೋಡ್ ಒಟ್ಟಿಗೆ ಓಡಿಸಿ, ಪುಕ್ಕಟೆಯಾಗಿ ವೇಗ ಸಿಗುತ್ತದೆ. ಮುಂದಿನ ಪೀಳಿಗೆಯ ಎನ್‌ಕೋಡರ್ ಎಕ್ಸ್265ರಲ್ಲಿ ಈ ತೊಂದರೆ ಹೆಚ್ಚು. ಅದು ಚಿತ್ರವನ್ನು 64 ಪಿಕ್ಸೆಲ್ ಎತ್ತರದ ಸಾಲುಗಳಾಗಿ ಮಾಡಿ ಪ್ರೊಸೆಸರಿನ ಕೋರ್‌ಗಳಿಗೆ ಹಂಚುತ್ತದೆ. 1080 ಪಿಕ್ಸೆಲ್ ಎತ್ತರಕ್ಕೆ ಸಿಗುವುದು 17 ಸಾಲು. ಮೇಲಿನ ಸಾಲು ಸ್ವಲ್ಪ ಮುಂದೆ ಹೋಗುವ ತನಕ ಕೆಳಗಿನದು ಕಾಯಬೇಕು. ಹೀಗಾಗಿ ಕೋರ್‌ಗಳು ಹೆಚ್ಚಿದ್ದರೆ ಅವುಗಳಲ್ಲಿ ಹಲವು ಕೈಕಟ್ಟಿ ಕೂರುತ್ತವೆ.

ಒಂದೇ ದೊಡ್ಡ ಫೈಲಿನ ಬದಲು ಹತ್ತಾರು ಫೈಲುಗಳಿದ್ದರೆ ಕತ್ತರಿಸುವ ಗೊಡವೆಗೇ ಹೋಗಬೇಡಿ. ಸಿಸ್ಟಂಗೆ ಒಂದೊಂದು ಫೈಲು ಕೊಟ್ಟರೆ ಮುಗಿಯಿತು. ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡಿನೊಳಗಿನ ಎನ್‌ಕೋಡರ್ ಎನ್‌ವೆಂಕ್ ಕೊಡುವ ಗುಣಮಟ್ಟ ನಿಮಗೆ ಒಪ್ಪಿಗೆಯಾದರೂ ಅಷ್ಟೇ, ಅದರ ವೇಗದ ಮುಂದೆ ಈ ಏರ್ಪಾಡು ಅನವಶ್ಯಕ. ಅದೇ ಗುಣಮಟ್ಟಕ್ಕೆ ಎಕ್ಸ್264 ‘ಸ್ಲೋ’ಗಿಂತ ಫೈಲು ದಪ್ಪಗಾಗುತ್ತದೆ ಎಂಬುದು ಗೊತ್ತಿರಲಿ. ಆದರೆ ಕೆಲವು ತುಂಡು ಎನ್‌ವೆಂಕ್‌ನಲ್ಲಿ, ಕೆಲವು ಎಕ್ಸ್264ರಲ್ಲಿ ಎಂಬ ಬೆರಕೆ ಮಾತ್ರ ಬೇಡವೇ ಬೇಡ. ಕಾರಣ ಮುಂದೆ ಬರುತ್ತದೆ.

ಕೇಬಲ್ ಮೊದಲು, ಸಾಫ್ಟ್‌ವೇರ್ ಆಮೇಲೆ

ನಾಲ್ಕೂ ಸಿಸ್ಟಂಗಳು ಒಂದೇ ಗಿಗಾಬಿಟ್ ಸ್ವಿಚ್‌ಗೆ ಕೇಬಲ್‌ನಲ್ಲೇ ಸೇರಬೇಕು. ವೈಫೈ ಬೇಡ, ಎಲ್ಲರೂ ಒಂದೇ ಗಾಳಿಯನ್ನು ಹಂಚಿಕೊಳ್ಳುವುದರಿಂದ ಒಬ್ಬರು ಎಳೆಯುವಾಗ ಉಳಿದವರು ಕಾಯುತ್ತಾರೆ. ಗಿಗಾಬಿಟ್ ಲೈನಿನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ, 100 ಮೆಗಾಬಿಟ್ ಲೈನಿನಲ್ಲಿ ಸುಮಾರು 11 ಎಂಬಿ ಹರಿಯುತ್ತದೆ.

ಸ್ವಿಚ್, ನೆಟ್‌ವರ್ಕ್ ಕಾರ್ಡ್ ಎರಡೂ ಗಿಗಾಬಿಟ್ ಆಗಿದ್ದೂ ವೇಗ ಹತ್ತರಲ್ಲೊಂದು ಪಾಲು ಮಾತ್ರ ಬರುತ್ತಿದ್ದರೆ ಕೇಬಲಿನ ತುದಿ ನೋಡಿ. 100 ಮೆಗಾಬಿಟ್‌ಗೆ 1, 2, 3, 6ನೇ ಪಿನ್ನಿನ ನಾಲ್ಕು ತಂತಿ ಸಾಕಾಗುವುದರಿಂದ ಕ್ರಿಂಪ್ ಮಾಡುವಾಗ (ತುದಿಗೆ ಪ್ಲಗ್ ಒತ್ತಿ ಕೂರಿಸುವಾಗ) ಉಳಿದ ನಾಲ್ಕನ್ನು ಬಿಟ್ಟಿರುವುದುಂಟು. ಗಿಗಾಬಿಟ್‌ಗೆ ಎಂಟೂ ತಂತಿ ಬೇಕು. ಒಂದು ಸಡಿಲವಾಗಿದ್ದರೂ ಕಾರ್ಡು ಮರುಮಾತಿಲ್ಲದೆ 100ಕ್ಕೆ ಇಳಿಯುತ್ತದೆ. ಲಿನಕ್ಸ್‌ನಲ್ಲಿ ‘ಈಥ್‌ಟೂಲ್’ ಓಡಿಸಿದರೆ ‘ಸ್ಪೀಡ್’ ಎಂಬ ಸಾಲಿನಲ್ಲಿ 1000 ಕಾಣಬೇಕು.

ಸಹಾಯಕ ಸಿಸ್ಟಂಗಳಲ್ಲಿ ವಿಂಡೋಸ್ ಇದ್ದರೆ ಅದನ್ನು ಮುಟ್ಟಬೇಕಿಲ್ಲ. ಉಬುಂಟು ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಎಸ್‌ಎಸ್‌ಎಚ್ ಸರ್ವರ್ (ದೂರದಿಂದ ಲಾಗಿನ್ ಆಗಲು) ಮತ್ತು ಆರ್‌ಸಿಂಕ್ (ಫೈಲು ಸಾಗಿಸಲು) ಹಾಕಿಕೊಂಡರೆ ಸಾಕು. ರೀಸ್ಟಾರ್ಟ್ ಮಾಡಿದರೆ ಎಲ್ಲ ಮೊದಲಿನಂತೆ. ಪ್ಯಾರಲಲ್ ಇರಬೇಕಾದದ್ದು ಮುಖ್ಯ ಸಿಸ್ಟಂನಲ್ಲಿ ಮಾತ್ರ. ಅಲ್ಲಿಂದ ಎಸ್‌ಎಸ್‌ಎಚ್ ಕೀ ಮಾಡಿ ಮೂರಕ್ಕೂ ಕಳಿಸಿ, ಪಾಸ್‌ವರ್ಡ್ ಕೇಳದೆ ಒಳಗೆ ಹೋಗುವಂತಾಗಬೇಕು. ಒಮ್ಮೆ ಕೈಯಾರೆ ಲಾಗಿನ್ ಆಗಿ ನೋಡಿ. ಮೊದಲ ಸಲ ಬರುವ ‘ಯೆಸ್ ಅಥವಾ ನೋ’ ಪ್ರಶ್ನೆಗೆ ಉತ್ತರ ಕೊಟ್ಟಿರದಿದ್ದರೆ ಇಡೀ ಸರತಿ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಎಫ್‌ಎಫ್‌ಎಂಪೆಗ್ ನಾಲ್ಕರಲ್ಲೂ ಒಂದೇ ಆವೃತ್ತಿಯಾಗಿರಬೇಕು. ಆಯಾ ಸಿಸ್ಟಮ್ಮಿನ ಪ್ಯಾಕೇಜು ನೆಚ್ಚಿಕೊಳ್ಳದೆ, ಒಂದು ಸ್ಟ್ಯಾಟಿಕ್ ಬಿಲ್ಡ್ (ಬೇರೇನೂ ಅಳವಡಿಸದೆ ಓಡುವ ಫೈಲು) ಇಳಿಸಿಕೊಂಡು ಅದೇ ಫೈಲನ್ನು ಎಲ್ಲ ಕಡೆ ಒಂದೇ ಜಾಗಕ್ಕೆ ಕಾಪಿ ಮಾಡಿ.

ಕತ್ತರಿಸುವುದು

ವಿಡಿಯೊವನ್ನು ಬೇಕಾದಲ್ಲಿ ಕತ್ತರಿಸಲಾಗದು. ಪೂರ್ತಿ ಚಿತ್ರ ಇರುವುದು ಕೀಫ್ರೇಮಿನಲ್ಲಿ. ನಡುವಿನ ಫ್ರೇಮುಗಳಲ್ಲಿ ಇರುವುದು ಏನು ಬದಲಾಯಿತು ಎಂಬ ಲೆಕ್ಕ ಮಾತ್ರ. ಹಾಗಾಗಿ ಎಫ್‌ಎಫ್‌ಎಂಪೆಗ್‌ನ ‘ಸೆಗ್ಮೆಂಟ್’ ಫಾರ್ಮ್ಯಾಟ್‌ಗೆ 120 ಸೆಕೆಂಡ್ ಎಂದು ಹೇಳಿದರೆ, ಅದು 120 ದಾಟಿದ ಮೇಲೆ ಸಿಗುವ ಮೊದಲ ಕೀಫ್ರೇಮಿನಲ್ಲಿ ಕತ್ತರಿಸುತ್ತದೆ. ತುಂಡುಗಳ ಉದ್ದ ಹೆಚ್ಚುಕಡಿಮೆಯಾದರೆ ಗಾಬರಿ ಬೇಡ.

ಆಡಿಯೊ ಬಿಟ್ಟು ವಿಡಿಯೊ ಮಾತ್ರ ತೆಗೆದುಕೊಳ್ಳಿ, ಕೋಡೆಕ್ ‘ಕಾಪಿ’ ಇರಲಿ (ಈಗಲೇ ಎನ್‌ಕೋಡ್ ಬೇಡ), ‘ರೀಸೆಟ್ ಟೈಮ್‌ಸ್ಟ್ಯಾಂಪ್ಸ್’ 1 ಇರಲಿ (ಪ್ರತಿ ತುಂಡಿನ ಸಮಯ ಸೊನ್ನೆಯಿಂದ ಶುರುವಾಗಲು), ತುಂಡುಗಳು ಎಂಕೆವಿ ಬಗೆಯ ಫೈಲುಗಳಾಗಿರಲಿ. ಹೆಸರುಗಳಲ್ಲಿ ನಾಲ್ಕಂಕಿಯ ಸಂಖ್ಯೆ ಕೊಡಿ: 0000, 0001 ಹೀಗೆ. ಬರೀ 1, 2, 10 ಎಂದಿಟ್ಟರೆ ಅಕ್ಷರಕ್ರಮದಲ್ಲಿ 1ರ ಬೆನ್ನಿಗೆ 10 ಬಂದು, ಜೋಡಿಸಿದಾಗ ಒಡ್ಡೋಲಗದ ನಡುವೆ ಯುದ್ಧ ಶುರುವಾಗುತ್ತದೆ. ನಮ್ಮ ಎಂಟು ಗಂಟೆಗೆ ಸುಮಾರು 240 ತುಂಡು, ತುಂಡಿಗೆ ಸುಮಾರು 3,000 ಫ್ರೇಮ್, 360 ಎಂಬಿ. ಒಂದೇ ಹಾರ್ಡ್‌ಡಿಸ್ಕಿನಿಂದ ಓದಿ ಅದಕ್ಕೇ ಬರೆಯುವುದಾದರೆ ಈ ಹಂತವೇ ಅರ್ಧ ಗಂಟೆ ತಿನ್ನಬಹುದು. ಓದುವುದು ಒಂದರಿಂದ, ಬರೆಯುವುದು ಎಸ್‌ಎಸ್‌ಡಿಗೆ ಎಂದು ಮಾಡಿಕೊಳ್ಳಿ.

ತುಂಡು ಇನ್ನೂ ಸಣ್ಣದಾದರೆ ಹಂಚಲು ಸುಲಭವಲ್ಲವೇ? ಹೌದು, ಆದರೆ ಚಿತ್ರ ಕೆಡುತ್ತದೆ. ಎಕ್ಸ್264 ‘ಸ್ಲೋ’ದಲ್ಲಿ ಮುಂದಿನ 50 ಫ್ರೇಮುಗಳನ್ನು ನೋಡಿಕೊಂಡು, ಮುಂದೆ ಬಳಕೆಗೆ ಬರುವ ಭಾಗಕ್ಕೆ ಹೆಚ್ಚು ಬಿಟ್ ಕೊಡುತ್ತದೆ. ತುಂಡಿನ ಕೊನೆಯಲ್ಲಿ ಮುಂದೇನೂ ಕಾಣದು. ಸಿನಿಮಾ ಮುಗಿಯಿತೆಂದು ತಿಳಿದು ಕೈ ಬಿಗಿಹಿಡಿಯುತ್ತದೆ. ಆ ಕೊನೆಯ ಒಂದೆರಡು ಸೆಕೆಂಡ್ ತುಸು ಮಸುಕಾಗಿ, ಮುಂದಿನ ತುಂಡಿನ ಕೀಫ್ರೇಮಿನಲ್ಲಿ ಚಿತ್ರ ಥಟ್ಟನೆ ಸ್ಪಷ್ಟವಾಗುತ್ತದೆ. ಎರಡು ನಿಮಿಷಕ್ಕೊಮ್ಮೆ ಹೀಗಾದರೆ ಯಾರಿಗೂ ಕಾಣದು. ಐದು ಸೆಕೆಂಡಿಗೊಮ್ಮೆ ಆದರೆ ರಂಗಸ್ಥಳದ ಹಿಂದಿನ ಪರದೆ ಉಸಿರಾಡಿದಂತೆ ಕಾಣುತ್ತದೆ.

ಇನ್ನೊಂದು ತೊಡಕು ಕ್ಯಾಮೆರಾದ್ದು. ಕೆಲವು ಕ್ಯಾಮೆರಾಗಳು ‘ಓಪನ್ ಗಾಪ್’ ಬಗೆಯಲ್ಲಿ ಬರೆಯುತ್ತವೆ: ಕೀಫ್ರೇಮಿನ ಹಿಂಚುಮುಂಚಿನ ಒಂದೆರಡು ಫ್ರೇಮುಗಳಿಗೆ ಹಿಂದಿನ ತುಂಡಿನ ಆಧಾರ ಬೇಕಿರುತ್ತದೆ. ಕತ್ತರಿಸಿದ ಮೇಲೆ ಅವು ಬಿಡಿಸಲಾಗದೆ ಉದುರಿಹೋಗುತ್ತವೆ. ಮೊದಲ ಮೂರು ತುಂಡು ಎನ್‌ಕೋಡ್ ಮಾಡಿ, ಎಫ್‌ಎಫ್‌ಎಂಪೆಗ್ ಜೊತೆಗೇ ಬರುವ ಎಫ್‌ಎಫ್‌ಪ್ರೋಬ್‌ನ ‘ಕೌಂಟ್ ಪ್ಯಾಕೆಟ್ಸ್’ನಿಂದ ಹೋದ ಫ್ರೇಮೆಷ್ಟು, ಬಂದದ್ದೆಷ್ಟು ಎಂದು ತಾಳೆ ನೋಡಿ. ಒಂದು ಕಡಿಮೆ ಇದ್ದರೂ ಈ ದಾರಿ ಬಿಡಿ.

ಆಗ ಕತ್ತರಿಸದೆಯೇ ಹಂಚಬೇಕು. ಪೂರ್ತಿ ಫೈಲನ್ನು ಒಂದು ಎಂಕೆವಿ ಮಾಡಿ (ಕ್ಯಾಮೆರಾ ಬರೆಯುವ ಎಂಟಿಎಸ್ ಫೈಲಿನಲ್ಲಿ ಇಂಡೆಕ್ಸ್ ಇಲ್ಲ, ನಡುವಿಗೆ ಜಿಗಿದರೆ ನಿಖರವಾಗಿ ಇಳಿಯುವುದಿಲ್ಲ), ನೆಟ್‌ವರ್ಕಿನಲ್ಲಿ ಫೋಲ್ಡರ್ ಹಂಚುವ ಎನ್‌ಎಫ್‌ಎಸ್ ಮೂಲಕ ಓದಲು ಮಾತ್ರ ಎಲ್ಲರಿಗೂ ತೆರೆದಿಟ್ಟು, ‘ಇಷ್ಟನೇ ಸೆಕೆಂಡಿನಿಂದ 120 ಸೆಕೆಂಡ್’ ಎಂದು ಒಬ್ಬೊಬ್ಬರಿಗೆ ಹೇಳಿ. ಆರಂಭದ ಸಮಯವನ್ನು ಇನ್‌ಪುಟ್ ಫೈಲಿನ ಹೆಸರಿಗಿಂತ ಮೊದಲು ಬರೆಯಬೇಕು, ಮತ್ತು ಅರ್ಧ ಫ್ರೇಮ್ ಹಿಂದಕ್ಕೆ ಸರಿಸಬೇಕು: 120ರ ಬದಲು 119.98, 240ರ ಬದಲು 239.98. ಮೊದಲ ತುಂಡು 0ಯಿಂದ 119.98ರ ವರೆಗೆ. ಸರಿಯಾಗಿ ಫ್ರೇಮಿನ ಮೇಲೆಯೇ ಗೆರೆ ಎಳೆದರೆ ದಶಮಾಂಶದ ವ್ಯತ್ಯಾಸಕ್ಕೆ ಒಂದು ಫ್ರೇಮ್ ಎರಡು ಸಲ ಬರಬಹುದು, ಇಲ್ಲವೇ ಎರಡೂ ಕಡೆಯಿಂದ ತಪ್ಪಬಹುದು.

ಮೊಬೈಲಿನಲ್ಲಿ ತೆಗೆದ ವಿಡಿಯೊಗೆ ಈ ಯಾವ ಲೆಕ್ಕವೂ ನಡೆಯದು. ಅದರ ಫ್ರೇಮ್ ವೇಗ ಸ್ಥಿರವಾಗಿರುವುದಿಲ್ಲ. ಒಂದೇ ಸಿಸ್ಟಂನಲ್ಲಿ ಮುಗಿಸಿ.

ಹಂಚುವುದು

ಸಮಪಾಲು ಮಾಡಬೇಡಿ. ನಾಲ್ಕು ಸಿಸ್ಟಂಗಳ ವೇಗ ಸೆಕೆಂಡಿಗೆ 30, 22, 22 ಮತ್ತು 10 ಫ್ರೇಮ್ ಎಂದಿಟ್ಟುಕೊಳ್ಳಿ. ತಲಾ 60 ತುಂಡು ಹಂಚಿದರೆ ಕೊನೆಯ ಹಳೇ ಸಿಸ್ಟಂ ತನ್ನ ಪಾಲು ಮುಗಿಸಲು ಐದು ಗಂಟೆ ಬೇಕು, ಉಳಿದ ಮೂರು ಎಂದೋ ಮುಗಿಸಿ ಕೂತಿರುತ್ತವೆ. ಅದರ ಬದಲು ಕೈ ಖಾಲಿಯಾದವರಿಗೆ ಮುಂದಿನ ತುಂಡು ಎಂದು ಮಾಡಿದರೆ ಒಟ್ಟು ವೇಗ 84 ಫ್ರೇಮ್, ಕೆಲಸ 2 ಗಂಟೆ 23 ನಿಮಿಷಕ್ಕೆ ಮುಗಿಯುತ್ತದೆ. ಹಳೇ ಸಿಸ್ಟಂ ಬಿಟ್ಟೇಬಿಟ್ಟರೆ 2 ಗಂಟೆ 42 ನಿಮಿಷ. ಹತ್ತೊಂಬತ್ತು ನಿಮಿಷಕ್ಕಾಗಿ ಅದನ್ನು ಹೊಂದಿಸುವ ತಾಪತ್ರಯ ಬೇಕೇ ಎಂದು ನೀವೇ ಯೋಚಿಸಿ.

ಪ್ಯಾರಲಲ್ ಮಾಡುವುದು ಈ ಸರತಿಯ ಕೆಲಸವನ್ನೇ. ಸಿಸ್ಟಂಗಳ ಪಟ್ಟಿ ಕೊಡಿ. ಮುಖ್ಯ ಸಿಸ್ಟಂ ತಾನೂ ದುಡಿಯಬೇಕಾದರೆ ಅದರ ಹೆಸರಿಗೆ ಬದಲು ಬರೀ ಕೋಲನ್ ಚಿಹ್ನೆ. ಹೆಸರಿನ ಮುಂಚೆ 2 ಬರೆದು ಓರೆಗೆರೆ ಹಾಕಿದರೆ ಆ ಸಿಸ್ಟಂಗೆ ಏಕಕಾಲಕ್ಕೆ ಎರಡು ತುಂಡು ಹೋಗುತ್ತವೆ. ಹೀಗೆ ಎರಡು ಕೊಡುವುದೇ ಒಳ್ಳೆಯದು: ಒಂದು ತುಂಡು ಎನ್‌ಕೋಡ್ ಆಗುತ್ತಿರುವಾಗ ಇನ್ನೊಂದು ಕೇಬಲಿನಲ್ಲಿ ಬರುತ್ತಿರುತ್ತದೆ. 100 ಮೆಗಾಬಿಟ್ ಲೈನಿನಲ್ಲಿ ಒಂದು ತುಂಡು ಬರಲು 33 ಸೆಕೆಂಡ್ ಬೇಕು, 22 ಫ್ರೇಮಿನ ಸಿಸ್ಟಂ ಅದನ್ನು ಮುಗಿಸುವುದು 136 ಸೆಕೆಂಡಿನಲ್ಲಿ. ಒಂದೇ ಕೊಟ್ಟರೆ ಐದರಲ್ಲೊಂದು ಪಾಲು ಹೊತ್ತು ದಂಡ. ಸಂಖ್ಯೆ ಹಾಕದೆ ಬಿಟ್ಟರೆ ಪ್ಯಾರಲಲ್ ಕೋರಿಗೊಂದರಂತೆ ಕೆಲಸ ಸುರಿದು ರ‍್ಯಾಮ್ ತುಂಬಿಸಿಬಿಡುತ್ತದೆ.

ಎನ್‌ಕೋಡ್ ಆಜ್ಞೆಯಲ್ಲಿ ಇರಬೇಕಾದ್ದು: ಎಕ್ಸ್264, ಪ್ರಿಸೆಟ್ ‘ಸ್ಲೋ’, ಸಿಆರ್‌ಎಫ್ (ಗುಣಮಟ್ಟ ನಿಗದಿ ಮಾಡುವ ಅಂಕಿ) 20ರಿಂದ 23ರೊಳಗೆ ಒಂದು, ಮತ್ತು ಎಕ್ಸ್264 ಪ್ಯಾರಾಮೀಟರುಗಳಲ್ಲಿ ‘ಸ್ಟಿಚಬಲ್’ 1. ಈ ಕೊನೆಯದನ್ನು ಮರೆಯುವವರೇ ಹೆಚ್ಚು. ಎನ್‌ಕೋಡರ್ ಪ್ರತಿ ತುಂಡಿಗೂ ಒಂದು ಹೆಡರ್ (ಚಿತ್ರ ಬಿಡಿಸಲು ಬೇಕಾದ ಸೂಚನೆ) ಬರೆಯುತ್ತದೆ, ಅದರಲ್ಲಿ ಕೆಲವು ಮೌಲ್ಯಗಳನ್ನು ಸ್ವಲ್ಪ ಜಾಗ ಉಳಿಸಲೆಂದು ಹೊಂದಿಸಿಕೊಳ್ಳುತ್ತದೆ. ಜೋಡಿಸಿದ ಫೈಲಿನಲ್ಲಿ ಉಳಿಯುವುದು ಮೊದಲ ತುಂಡಿನ ಹೆಡರ್. ಬೇರೆ ಹೆಡರಿನ ತುಂಡು ಬಂದೊಡನೆ ಚಿತ್ರ ಹಸಿರು, ಬೂದು ಚೌಕಗಳಾಗಿ ಕಲಸಿಹೋಗುತ್ತದೆ. ‘ಸ್ಟಿಚಬಲ್’ ಈ ಹೊಂದಾಣಿಕೆಯನ್ನು ನಿಲ್ಲಿಸುತ್ತದೆ. ಒಂದೇ ಆವೃತ್ತಿ ಇರಲಿ, ಎನ್‌ವೆಂಕ್ ಬೆರೆಸಬೇಡಿ ಎಂದದ್ದೂ ಇದಕ್ಕೇ.

ಎರಡು ಪಾಸ್ ಎನ್‌ಕೋಡಿಂಗ್ ಇಲ್ಲಿ ಅರ್ಥವಿಲ್ಲದ್ದು. ಇಡೀ ವಿಡಿಯೊದಲ್ಲಿ ಎಲ್ಲಿ ಕಷ್ಟ, ಎಲ್ಲಿ ಸುಲಭ ಎಂದು ನೋಡಿ ಬಿಟ್ ಹಂಚುವುದು ಅದರ ಗುಟ್ಟು. ತುಂಡು ಕೈಗೆ ಸಿಕ್ಕವನಿಗೆ ಇಡೀ ವಿಡಿಯೊ ಗೊತ್ತಿಲ್ಲ. ಭಾಗವತರು ಕೂತು ಹಾಡುವ ತುಂಡಿಗೂ ಧೀಂಗಿಣದ ತುಂಡಿಗೂ ಒಂದೇ ಗಾತ್ರ ಬಂದುಬಿಡುತ್ತದೆ. ಸಿಆರ್‌ಎಫ್‌ನಲ್ಲಿ ಗುಣಮಟ್ಟ ಒಂದೇ, ಗಾತ್ರ ತಾನಾಗಿ ಬದಲಾಗುತ್ತದೆ. ಒಟ್ಟು ಗಾತ್ರ ಎಷ್ಟಾದೀತೆಂದು ತಿಳಿಯಬೇಕಿದ್ದರೆ ಬೇರೆ ಬೇರೆ ಹೊತ್ತಿನ ನಾಲ್ಕು ತುಂಡು ಮಾಡಿ ನೋಡಿ, ಅರವತ್ತರಿಂದ ಗುಣಿಸಿ.

ಎಫ್‌ಎಫ್‌ಎಂಪೆಗ್‌ಗೆ ‘ನೋ ಎಸ್‌ಟಿಡಿಇನ್’ ಎಂಬ ಆಯ್ಕೆ ಕೊಡಲೇಬೇಕು. ಇಲ್ಲದಿದ್ದರೆ ಅದು ಕೀಲಿಮಣೆಯ ಒತ್ತಿಗಾಗಿ ಕಿವಿತೆರೆದು ಕೂತು, ಬೇರೆಯವರಿಗೆ ಹೋಗಬೇಕಾದ ಇನ್‌ಪುಟ್ ತಿಂದುಹಾಕುತ್ತದೆ. ಪ್ಯಾರಲಲ್‌ಗೆ ‘ಟ್ರಾನ್ಸ್‌ಫರ್’ (ತುಂಡು ಕಳಿಸಲು), ‘ರಿಟರ್ನ್’ (ಫಲಿತಾಂಶ ತರಲು), ‘ಕ್ಲೀನಪ್’ (ಅಲ್ಲಿ ಉಳಿದದ್ದು ಅಳಿಸಲು) ಮೂರೂ ಕೊಡಿ; ಜೊತೆಗೆ ‘ರಿಟ್ರೈಸ್’ 3 (ವಿಫಲವಾದರೆ ಮರುಯತ್ನ) ಮತ್ತು ‘ಜಾಬ್‌ಲಾಗ್’ (ಆದ ಕೆಲಸಗಳ ದಾಖಲೆ). ಕರೆಂಟ್ ಹೋಗಿ ಎಲ್ಲ ನಿಂತರೆ ಅದೇ ಆಜ್ಞೆಗೆ ‘ರೆಸ್ಯೂಮ್ ಫೇಲ್ಡ್’ ಸೇರಿಸಿ ಓಡಿಸಿದರೆ ಉಳಿದ, ಕೆಟ್ಟ ತುಂಡುಗಳು ಮಾತ್ರ ಮತ್ತೆ ಆಗುತ್ತವೆ. ಯುಪಿಎಸ್ ಒಂದೇ ಇದ್ದರೆ ಮುಖ್ಯ ಸಿಸ್ಟಂ ಮತ್ತು ಸ್ವಿಚ್‌ಗೆ ಕೊಡಿ.

ಆಡಿಯೊ ತುಂಡು ಮಾಡಬೇಡಿ

ಎಎಸಿ ಆಡಿಯೊ 1,024 ಸ್ಯಾಂಪಲ್‌ಗಳ ಕಂತುಗಳಲ್ಲಿ ಹೋಗುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ ಒಂದು ಕಂತು ಎಂದರೆ ಸುಮಾರು 21 ಮಿಲಿಸೆಕೆಂಡ್. ಪ್ರತಿ ಎನ್‌ಕೋಡಿನ ಆರಂಭದಲ್ಲೂ ಒಂದು ಖಾಲಿ ಕಂತು ಸೇರುತ್ತದೆ. 240 ತುಂಡು ಜೋಡಿಸಿ ಅಷ್ಟೂ ಉಳಿದುಕೊಂಡರೆ ಬೆಳಗಿನ ಜಾವದ ಹೊತ್ತಿಗೆ ವೇಷಧಾರಿಯ ಹೆಜ್ಜೆಗೂ ಚೆಂಡೆಯ ಪೆಟ್ಟಿಗೂ ಐದು ಸೆಕೆಂಡಿನ ಅಂತರ. ಮೂಲ ಫೈಲಿನಿಂದ ಆಡಿಯೊ ಒಂದನ್ನೇ ಒಂದೇ ಓಟದಲ್ಲಿ ಎನ್‌ಕೋಡ್ ಮಾಡಿಟ್ಟುಕೊಳ್ಳಿ. ವಿಡಿಯೊ ಮುಂದೆ ಇದು ಲೆಕ್ಕಕ್ಕಿಲ್ಲದಷ್ಟು ಸಣ್ಣ ಕೆಲಸ.

ಹೊಲಿಗೆ

ತುಂಡುಗಳ ಹೆಸರನ್ನು ಕ್ರಮವಾಗಿ ಒಂದು ಪಠ್ಯ ಫೈಲಿನಲ್ಲಿ ಬರೆದು, ‘ಕಾನ್‌ಕ್ಯಾಟ್’ ಫಾರ್ಮ್ಯಾಟ್‌ನಲ್ಲಿ ಕೊಟ್ಟು, ಎರಡನೇ ಇನ್‌ಪುಟ್ ಆಗಿ ಆಡಿಯೊ ಸೇರಿಸಿ, ‘ಕಾಪಿ’ ಮಾಡಿಸಿ. ಮತ್ತೆ ಎನ್‌ಕೋಡ್ ಇಲ್ಲ, ಡಿಸ್ಕಿನ ವೇಗದಲ್ಲಿ ಮುಗಿಯುತ್ತದೆ.

ಜೋಡಿಸುವ ಮುನ್ನ ಪ್ರತಿ ತುಂಡಿನ ಫ್ರೇಮ್ ಎಣಿಕೆ ಕೂಡಿಸಿ, 7,20,000 ಬರಬೇಕು. ಎಂಕೆವಿಯ ಒಂದು ಗುಣವೇ ಇಲ್ಲಿ ದೋಷ. ಅರ್ಧ ಬರೆದು ನಿಂತ ಎಂಪಿ4 ತೆರೆಯುವುದೇ ಇಲ್ಲವಾದ್ದರಿಂದ ತಪ್ಪು ತಕ್ಷಣ ತಿಳಿಯುತ್ತದೆ; ಅರ್ಧ ಬರೆದ ಎಂಕೆವಿ ಏನೂ ಆಗಿಲ್ಲವೆಂಬಂತೆ ಇದ್ದಷ್ಟನ್ನು ಆಡಿಸುತ್ತದೆ, ಜೋಡಣೆಯೂ ಸಲೀಸಾಗಿ ಆಗಿಬಿಡುತ್ತದೆ. ಆಮೇಲೆ ಆ ಜಾಗದಿಂದ ಮುಂದಕ್ಕೆ ಚಿತ್ರವೇ ಮುಂದು, ಆಡಿಯೊ ಹಿಂದು.

ಎಣಿಕೆ ಸರಿಬಂದ ಮೇಲೂ ಹೊಲಿಗೆಗಳನ್ನು ಕಣ್ಣಾರೆ ನೋಡಿ. 239 ಹೊಲಿಗೆ ನೋಡಲಾಗದು. ಜಾಬ್‌ಲಾಗ್ ತೆರೆದರೆ ಯಾವ ತುಂಡು ಎಲ್ಲಿ ಆಯಿತೆಂಬುದು ಇರುತ್ತದೆ. ಒಂದು ಸಿಸ್ಟಮ್ಮಿನ ತುಂಡು ಮುಗಿದು ಇನ್ನೊಂದರ ತುಂಡು ಶುರುವಾಗುವ ಕಡೆ, ಪ್ರತಿ ಜೋಡಿಗೆ ಎರಡರಂತೆ ಆರಿಸಿ, ಹಿಂದುಮುಂದಿನ ಎರಡು ಸೆಕೆಂಡ್ ಆಡಿಸಿ. ಕೊನೆಯ ಹತ್ತು ನಿಮಿಷದಲ್ಲಿ ಚೆಂಡೆ ಬಾರಿಸುವವರ ಕೈ ಕಾಣುವ ಶಾಟ್ ಒಂದಿದ್ದರೆ ಕೋಲು ಬೀಳುವುದಕ್ಕೂ ಸದ್ದಿಗೂ ಹೊಂದುತ್ತದೆಯೇ ನೋಡಿ. ಅಲ್ಲಿಯವರೆಗೆ 240 ತುಂಡುಗಳನ್ನು ಅಳಿಸಬೇಡಿ. ಕೆಟ್ಟದ್ದು ಒಂದೇ ತುಂಡಾದರೆ ಅದೊಂದನ್ನು ಮತ್ತೆ ಮಾಡಿ ಜೋಡಿಸಲು ಐದು ನಿಮಿಷ ಸಾಕು.